ಪದ ಬೇಕು: ‘ಗೈಡ್ ರನ್ನರ್’ ಮತ್ತು ‘ಟೆದರ್’, ಸೋಮವಾರದೊಳಗೆ

ಪ್ರಶ್ನೆ, ಚಿಕ್ಕಮಗಳೂರಿನಿಂದ

ಎಲ್ಲರಿಗೂ ನಮಸ್ಕಾರ. ಕಣ್ಣು ಕಾಣದ ಓಟಗಾರರನ್ನು ದೊಡ್ಡ ಕೂಟಗಳಿಗೆ ತಯಾರು ಮಾಡುವ ಬಗ್ಗೆ ನಮ್ಮ ಕಡೆಯ ಪಿ.ಇ. ಮೇಷ್ಟ್ರುಗಳಿಗಾಗಿ ಒಂದು ಕೈಪಿಡಿ ಮಾಡುತ್ತಿದ್ದೇವೆ. ಸೋಮವಾರ ಪ್ರೆಸ್ಸಿಗೆ ಹೋಗಬೇಕು. ಎರಡು ಪದಗಳು ಮಾತ್ರ ಇನ್ನೂ ಕೂತಿಲ್ಲ: ಗೈಡ್ ರನ್ನರ್ (ಓಟಗಾರರ ಪಕ್ಕದಲ್ಲೇ ಓಡುವ, ಕಣ್ಣು ಕಾಣುವವರು), ಟೆದರ್ (ಇಬ್ಬರನ್ನೂ ಸೇರಿಸುವ ಹಗ್ಗ).

ಕರಡಿನಲ್ಲಿ ಗೈಡ್ ರನ್ನರ್‌ಗೆ ‘ಮಾರ್ಗದರ್ಶಕ’ ಎಂದಿದೆ. ನನಗೆ ಒಪ್ಪಿಗೆಯಿಲ್ಲ. ಟಿ11 ವರ್ಗದ, ಅಂದರೆ ಕಣ್ಣು ಪೂರ್ತಿ ಅಥವಾ ಬಹುತೇಕ ಕಾಣದವರ, ಓಟವನ್ನು ಒಮ್ಮೆ ಹತ್ತಿರದಿಂದ ನೋಡಿ. ಓಟಗಾರರೆಲ್ಲ ಕಣ್ಣಿಗೆ ಪಟ್ಟಿ ಹಾಕಿಕೊಂಡಿರುತ್ತಾರೆ. ಒಬ್ಬೊಬ್ಬರ ಪಕ್ಕದಲ್ಲೂ ಕಣ್ಣು ಕಾಣುವ ಒಬ್ಬರು. ಇಬ್ಬರ ಕೈಗೂ ಸೇರಿ ಒಂದು ಗಿಡ್ಡ ಹಗ್ಗ, ಅದು ಹಿಗ್ಗಬಾರದು. ಜೋಡಿಗೆ ಎರಡು ಲೇನ್ ಬೇಕು, ಹಾಗಾಗಿ ಎಂಟು ಲೇನಿನ ಟ್ರ್ಯಾಕಿನಲ್ಲಿ 100 ಮೀಟರ್ ಓಡುವವರು ನಾಲ್ಕೇ ಜನ. ಪಕ್ಕದವರು ಎಳೆಯುವಂತಿಲ್ಲ, ತಳ್ಳುವಂತಿಲ್ಲ. ಕೊನೆಯ ಗೆರೆಯನ್ನು ಓಟಗಾರರೇ ಮೊದಲು ದಾಟಬೇಕು. ಪಕ್ಕದವರು ಮೊದಲು ದಾಟಿದರೆ ಆ ಜೋಡಿ ಅನರ್ಹ. ದಾರಿ ತೋರಿಸುವವರು ಮುಂದೆ ನಡೆಯುತ್ತಾರೆ ಎನ್ನುವುದು ನಮ್ಮ ಮಾತಿನ ರೂಢಿ. ಇಲ್ಲಿ ಅದೇ ತಪ್ಪು, ಅಲ್ವಾ?

ಅಭ್ಯಾಸದಲ್ಲಿ ಮೊದಲು ತಿದ್ದುವುದು ಕೈಯನ್ನು. ಓಟಗಾರ್ತಿಯ ಎಡಗೈ ಮುಂದೆ ಬಂದಾಗಲೇ ಪಕ್ಕದವರ ಬಲಗೈ ಮುಂದೆ ಬರಬೇಕು. ಇಲ್ಲದಿದ್ದರೆ ಹಗ್ಗ ಜಗ್ಗುತ್ತದೆ, ಅವಳ ಭುಜ ತಿರುಗುತ್ತದೆ, ಹೆಜ್ಜೆ ಕೆಡುತ್ತದೆ. ಹೆಜ್ಜೆಯ ಉದ್ದ ಅವಳದ್ದು. ಹೊಂದಿಕೊಳ್ಳಬೇಕಾದವರು ಪಕ್ಕದವರು. ಓಡುತ್ತಲೇ ‘ಬೆಂಡ್ ಬಂತು’, ‘ಈಗ ನೇರ’, ‘ಇನ್ನು ನೂರು’ ಎನ್ನುವಷ್ಟು ಉಸಿರೂ ಅವರಲ್ಲಿ ಉಳಿದಿರಬೇಕು. ಅಂದರೆ ಅವರು ಅವಳಿಗಿಂತ ಜೋರಾಗಿ ಓಡಬಲ್ಲವರೇ ಆಗಿರಬೇಕು.

ನಮ್ಮ ಜಿಲ್ಲೆಯ ರಕ್ಷಿತಾ ರಾಜು ಟಿ11 1500 ಮೀಟರಿನಲ್ಲಿ 2018ರಲ್ಲಿ ಜಕಾರ್ತಾದಲ್ಲೂ 2023ರಲ್ಲಿ ಹಾಂಗ್‌ಝೌನಲ್ಲೂ ಏಷ್ಯನ್ ಪ್ಯಾರಾ ಗೇಮ್ಸ್ ಚಿನ್ನ ಗೆದ್ದರು. 2024ರಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ಗೂ ಹೋದರು. ಅವರ ಜೊತೆ ಓಡುವ ರಾಹುಲ್ ಬಾಲಕೃಷ್ಣ ಅವರ ಕೋಚ್ ಕೂಡ ಹೌದು. ಆದ್ದರಿಂದ ಕೋಚ್‌ಗೂ ಈ ಕೆಲಸಕ್ಕೂ ಬೇರೆ ಬೇರೆ ಪದ ಬೇಕೇ ಬೇಕು. ಒಬ್ಬರೇ ಎರಡೂ ಮಾಡಿದಾಗ ವಾಕ್ಯ ಗೊಂದಲವಾಗುತ್ತದೆ.

ಗ್ರೌಂಡಿನಲ್ಲಿ ಹುಡುಗಿಯರು ‘ಗೈಡಣ್ಣ’ ಅಂತಾರೆ. ಪುಸ್ತಕದಲ್ಲಿ ಏನು ಹಾಕಲಿ?

ಉತ್ತರ, ಮೈಸೂರಿನಿಂದ

‘ಒಡನೋಡುಗ’. ಒಡನಾಡಿ ಇದೆ, ಒಡನಾಟ ಇದೆ. ಓದುಗ, ಕೇಳುಗ ಎಲ್ಲರೂ ಒಪ್ಪಿದ ಪದಗಳು. ಓಡುಗ ಯಾಕಾಗಬಾರದು? ಇನ್ನೂ ಒಂದು ಸೊಗಸಿದೆ. ಒಡನ್ ಮತ್ತು ಓಡುಗ ಎಂದು ಬಿಡಿಸಿದರೆ ಜೊತೆಗೆ ಓಡುವವರು. ಒಡ ಮತ್ತು ನೋಡುಗ ಎಂದು ಬಿಡಿಸಿದರೆ ಜೊತೆಗಿದ್ದು ನೋಡುವವರು. ಅವರು ಮಾಡುವ ಎರಡೂ ಕೆಲಸ ಒಂದೇ ಪದದಲ್ಲಿ ಬಂತು. ಬೇರೆ ಯಾವ ನುಡಿಯಲ್ಲೂ ಇದು ಸಿಗದು.

ಟೆದರ್‌ಗೆ ‘ಕಣ್ಣಿ’. ಅಚ್ಚಗನ್ನಡ, ಗಿಡ್ಡ ಪದ. ಕಿಟ್ಟೆಲ್ ನಿಘಂಟು ತೆಗೆದು ನೋಡಿ.

ಕೈಪಿಡಿಯಲ್ಲಿ ‘ತರಬೇತುದಾರ’ ಇದ್ದರೆ ಅದನ್ನೂ ತೆಗೆಯಿರಿ. ತರಬೇತು ಅರಬಿಯ ‘ತರ್ಬಿಯತ್’. ‘ದಾರ’ ಪಾರಸಿ, ಜಮೀನ್ದಾರ ಹವಾಲ್ದಾರರ ಸಾಲಿನದು. ‘ಕಲಿಸುಗ’ ಸಾಕು.

ಉತ್ತರ, ಹಾವೇರಿಯಿಂದ

ಕಣ್ಣಿ ಬೇಡವೇ ಬೇಡ. ಕಿಟ್ಟೆಲ್ ತೆಗೆಯುವ ಮುಂಚೆ ಒಂದು ದನದ ಕೊಟ್ಟಿಗೆಗೆ ಹೋಗಿ ಬನ್ನಿ ಸಾರ್. ಕಣ್ಣಿ ಅಂದರೆ ಎತ್ತು, ಎಮ್ಮೆಯ ಕೊರಳಿಗೆ ಬಿಗಿಯುವ ಹಗ್ಗ. ದೇಶಕ್ಕೆ ಪದಕ ತರುವ ಹುಡುಗಿಗೆ ‘ಕಣ್ಣಿ ಹಾಕಿಕೋ’ ಅಂತ ಯಾವ ಮೇಷ್ಟ್ರು ಹೇಳುತ್ತಾರೆ? ಹಾಗೆ ಹೇಳಿದರೆ ಅವಳ ಅಪ್ಪ ಮರುದಿನ ಕಳಿಸುತ್ತಾರಾ?

ಈ ಹಗ್ಗ ಒಬ್ಬರು ಹಿಡಿದು ಇನ್ನೊಬ್ಬರನ್ನು ಕಟ್ಟುವುದಲ್ಲ. ಅದು ಇಬ್ಬರದೂ. ಪ್ಯಾರಿಸ್‌ನಲ್ಲಿ ಏನಾಯಿತು ಎಂದು ನೆನಪಿದೆಯಾ? ಸ್ಪೇನಿನ ಎಲೆನಾ ಕಾಂಗೊಸ್ಟ್ ಟಿ12 ಮ್ಯಾರಥಾನಿನಲ್ಲಿ ಮೂರನೆಯವರಾಗಿ ಬರುತ್ತಿದ್ದರು. ಗೆರೆಗೆ ಕೆಲವೇ ಹೆಜ್ಜೆ. ಜೊತೆಗಿದ್ದವರ ಸ್ನಾಯು ಹಿಡಿದುಕೊಂಡು ಮುಗ್ಗರಿಸಿದರು. ಬೀಳುವವರನ್ನು ಹಿಡಿಯಲು ಕಾಂಗೊಸ್ಟ್ ಒಂದು ಗಳಿಗೆ ಹಗ್ಗ ಬಿಟ್ಟರು. ಅನರ್ಹ! ಕಂಚು ಜಪಾನಿನ ಮಿಸಾಟೊ ಮಿಚಿಶಿಟಾ ಅವರಿಗೆ ಹೋಯಿತು. ಅಲ್ಲಿ ಕಣ್ಣು ಕಾಣುವವರನ್ನು ಹಿಡಿದೆತ್ತಲು ಹೋದವರು ಕಣ್ಣು ಸರಿಯಾಗಿ ಕಾಣದವರು. ಕಣ್ಣಿ ಎಂದರೆ ಈ ಕಥೆಯೇ ತಲೆಕೆಳಗಾಗುತ್ತದೆ. ಸುಮ್ನೆ ‘ಕೈಹಗ್ಗ’ ಅನ್ನಿ.

ಒಡನೋಡುಗ ಕೂಡ ಬೇಡ. ಎರಡು ರೀತಿ ಬಿಡಿಸಬಹುದು ಎನ್ನುವುದು ಪದ್ಯಕ್ಕೆ ಸೊಗಸು. ಕೈಪಿಡಿ ಓದುವವರು ಅಲ್ಲೇ ನಿಂತುಬಿಡುತ್ತಾರೆ.

ಉತ್ತರ, ಬೆಂಗಳೂರಿನಿಂದ

ಕಣ್ಣಿಯ ಮಾತು ಮುಗಿಯಿತು. ತರಬೇತುದಾರರನ್ನು ಮಾತ್ರ ಬಿಟ್ಟುಕೊಡಲಾರೆ. ಅರಬಿ ಪಾರಸಿಯಿಂದ ಬಂದದ್ದೆಲ್ಲ ಹೋಗಬೇಕಾದರೆ ಕುರ್ಚಿ, ವಕೀಲ, ಜಮೀನು ಎಲ್ಲವನ್ನೂ ಕಳಿಸಿ, ಆಮೇಲೆ ಕೋಚ್ ಹತ್ತಿರ ಬನ್ನಿ. ‘ಕಲಿಸುಗ’ ಅಂದರೆ ಪಾಠ ಮಾಡುವವರು. ಈಗಾಗಲೇ ಹೈಜಂಪ್ ಬಲ್ಲ ಒಬ್ಬರನ್ನು ಇನ್ನೆರಡು ಸೆಂಟಿಮೀಟರ್ ಎತ್ತರಕ್ಕೆ ಹಾರಿಸಲು ವರ್ಷಗಟ್ಟಲೆ ದುಡಿಯುವುದು ಕಲಿಸುವುದಲ್ಲ, ಅದು ಬೇರೆಯೇ ಕೆಲಸ.

ಪದದ ಬಗ್ಗೆ ಜಗಳವೇ ಬೇಕೆಂದರೆ ‘ವಿಕಲಚೇತನ’ದ ಬಗ್ಗೆ ಆಡೋಣ. ನಮ್ಮ ಸರ್ಕಾರದ ಇಲಾಖೆಯ ಹೆಸರಿನಲ್ಲೇ ಅದಿದೆ. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ 2012ರಲ್ಲಿ ಲಂಡನ್ನಿನಲ್ಲಿ 1.74 ಮೀಟರ್ ಹಾರಿ ಪ್ಯಾರಾಲಿಂಪಿಕ್ಸ್ ಬೆಳ್ಳಿ ಗೆದ್ದರು. ಅವರ ಚೇತನ ಎಲ್ಲಿ ವಿಕಲವಾಗಿದೆ, ಯಾರಾದರೂ ತೋರಿಸಿ. ಅದೂ ಸಂಸ್ಕೃತದ ಎರವಲೇ, ಆದರೆ ಅದರ ಮೇಲೆ ಅಚ್ಚಗನ್ನಡದವರ ಸಿಟ್ಟು ಬರುವುದೇ ಇಲ್ಲ.

‘ಪ್ಯಾರಾ’ ಸಂಸ್ಕೃತದ ‘ಪರ’ ಎಂದು ಹಿಂದೊಮ್ಮೆ ಇಲ್ಲೇ ಯಾರೋ ಬರೆದಿದ್ದರು. ಅಲ್ಲ. 1948ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ವೈದ್ಯ ಲುಡ್ವಿಗ್ ಗುಟ್‌ಮನ್ ಬೆನ್ನುಹುರಿಗೆ ಪೆಟ್ಟಾದವರಿಗೆ ಪಂದ್ಯ ಶುರು ಮಾಡಿದರು. ಪದ ಮೊದಲು ಹುಟ್ಟಿದ್ದು ‘ಪ್ಯಾರಾಪ್ಲೀಜಿಯಾ’ ಎಂಬ, ಕಾಲುಗಳ ಸ್ವಾಧೀನ ತಪ್ಪುವ ಸ್ಥಿತಿಯ ಹೆಸರಿನಿಂದ. ಈಗ ಗ್ರೀಕಿನ ‘ಪಕ್ಕದಲ್ಲಿ’ ಎಂಬ ಅರ್ಥ ಹೇಳುತ್ತಾರೆ, ಒಲಿಂಪಿಕ್ಸ್‌ನ ಪಕ್ಕದಲ್ಲಿ ನಡೆಯುವ ಕೂಟ ಎಂದು. ‘ಪ್ಯಾರಾ’ ಹಾಗೇ ಇರಲಿ.

ಮೈಸೂರಿನಿಂದ, ಮತ್ತೆ

ವಿಕಲಚೇತನವನ್ನು ನಾನೆಂದೂ ಒಪ್ಪಿಲ್ಲ, ನನ್ನ ಮೇಲೆ ಹೊರಿಸಬೇಡಿ. ಆದರೆ ‘ಲೇನ್’, ‘ಬೆಂಡ್’, ‘ಕೋಚ್’, ‘ಗೈಡ್’ ಎಂದು ಎಲ್ಲವನ್ನೂ ಬಿಟ್ಟುಕೊಟ್ಟರೆ ವಾಕ್ಯದಲ್ಲಿ ಕನ್ನಡದ್ದಾಗಿ ಉಳಿಯುವುದು ಕ್ರಿಯಾಪದ ಒಂದೇ. ಹಳ್ಳಿಯಿಂದ ಬಂದ ಮಗುವಿಗೆ ಕ್ರೀಡೆಯ ಮಾತೆಲ್ಲ ಹೊರಗಿನದೇ ಆದರೆ, ಆಟವೂ ಹೊರಗಿನವರದು ಅನ್ನಿಸುತ್ತದೆ. ನನಗೆ ಕಾಡುವುದು ಅದು.

ಚಿಕ್ಕಮಗಳೂರಿನಿಂದ

ಎಲ್ಲರಿಗೂ ಧನ್ಯವಾದ. ‘ಜೊತೆ ಓಟಗಾರ’ ಮತ್ತು ‘ಕೈಹಗ್ಗ’ ಎಂದು ಹಾಕಿ ಕಳಿಸುತ್ತಿದ್ದೇನೆ. ಹೆಂಗಸರಿದ್ದರೆ ‘ಜೊತೆ ಓಟಗಾರ್ತಿ’. ತರಬೇತುದಾರ ಉಳಿಯುತ್ತದೆ. ಲೇನ್, ಬೆಂಡ್ ಕೂಡ. ಕೂಟದಲ್ಲಿ ಮೈಕಿನಲ್ಲಿ ಕೇಳುವುದು ಅವೇ. ಮಗುವಿಗೆ ಅವು ಮೊದಲೇ ಕಿವಿಗೆ ಬಿದ್ದಿರಲಿ. ಮೈಸೂರಿನ ಹಿರಿಯರೇ, ನಿಮ್ಮ ಆತಂಕ ನನಗೂ ಇದೆ. ಅದಕ್ಕೇ ವಿವರಣೆಯನ್ನೆಲ್ಲ ಆಡುಮಾತಿಗೆ ಹತ್ತಿರವಾಗಿ ಬರೆದಿದ್ದೇನೆ.

ಎರಡನೆಯ ಭಾಗಕ್ಕೆ ಇನ್ನೊಂದು ಪದ ಬೇಕು. ಕೂತು ಎಸೆಯುವವರ ‘ಥ್ರೋಯಿಂಗ್ ಫ್ರೇಮ್’, ಅಂದರೆ ಅವರು ಕೂರುವ ಲೋಹದ ಪೀಠ. ಪ್ಯಾರಿಸ್‌ನಲ್ಲಿ ನಮ್ಮ ಧರಂಬೀರ್ ಚಿನ್ನ, ಪ್ರಣವ್ ಸೂರ್ಮಾ ಬೆಳ್ಳಿ ಗೆದ್ದ ಎಫ್51 ವರ್ಗದ ಕ್ಲಬ್ ಥ್ರೋ (ಮರದ ಗದೆಯಂಥದ್ದನ್ನು ಎಸೆಯುವ ಸ್ಪರ್ಧೆ) ನೋಡಿದ್ದರೆ ಗೊತ್ತಾಗುತ್ತದೆ. ದಿಂಬೂ ಸೇರಿ 75 ಸೆಂಟಿಮೀಟರಿಗಿಂತ ಎತ್ತರ ಇರಬಾರದು. ಅಲುಗದ ಹಾಗೆ ಪಟ್ಟಿಗಳಿಂದ ನೆಲಕ್ಕೆ ಬಿಗಿದಿರುತ್ತಾರೆ. ಒಬ್ಬೊಬ್ಬರ ಮೈಗೆ ತಕ್ಕ ಹಾಗೆ ವೆಲ್ಡಿಂಗ್ ಮಾಡಿಸುತ್ತಾರೆ, ಅದೂ ಕೋಚ್‌ನ ಕೆಲಸವೇ. ‘ಎಸೆತದ ಕುರ್ಚಿ’ ಅಂದರೆ ಕುರ್ಚಿಯನ್ನೇ ಎಸೆಯುವ ಹಾಗೆ ಕೇಳುತ್ತದೆ. ‘ಚೌಕಟ್ಟು’ ಅಂದರೆ ಬಾಗಿಲು ನೆನಪಾಗುತ್ತದೆ. ಬುಧವಾರದೊಳಗೆ ಹೇಳಿ.