ಕಣ್ಣಿನ ಡಾಕ್ಟ್ರಲ್ಲಿ ಕೇಳಿ: ಕಾರ್ನಿಯಾ, ಲೇಸಿಕ್, ಆಪರೇಷನ್

ಅಡ್ಮಿನ್, ಕುಂಬಳೆ: ಎಲ್ಲರಿಗೂ ನಮಸ್ಕಾರ. ಕಣ್ಣಿನ ಡಾಕ್ಟ್ರು ಈಗ ಗ್ರೂಪಿನಲ್ಲಿದ್ದಾರೆ. ಕನ್ನಡಕ ತೆಗೆಸುವ ಲೇಸಿಕ್ ಆಪರೇಷನ್, ಕಾರ್ನಿಯಾ, ಅಂದರೆ ಕರಿಗುಡ್ಡೆಯ ಮುಂದಿನ ಗಾಜಿನಂಥ ಪದರದ ತೊಂದರೆ, ಯಾವುದನ್ನೂ ಕೇಳಬಹುದು.

ನೀರ್ಚಾಲು: ಡಾಕ್ಟ್ರೇ, ಮಗಳಿಗೆ 17 ವರ್ಷ. ಪವರ್ ಮೈನಸ್ 4. ಲೇಸಿಕ್ ಮಾಡಿಸಬಹುದಾ?

ಡಾಕ್ಟರ್: ಈಗ ಬೇಡ. 18 ತುಂಬಲಿ. ಪವರ್ ಒಂದು ವರ್ಷ ಬದಲಾಗದೆ ನಿಲ್ಲಬೇಕು.

ಪೆರ್ಲ: ಅಡಿಕೆ ಕೊನೆ ತೆಗೆಯುವಾಗ ಅಪ್ಪನ ಕಣ್ಣಿಗೆ ಸೋಗೆಯ ತುದಿ ತಾಗಿತ್ತು. 9 ದಿನ ಆಯಿತು. ಮೆಡಿಕಲ್‌ನಿಂದ ಡ್ರಾಪ್ಸ್ ತಂದು ಬಿಟ್ಟೆವು. ಎರಡು ದಿನ ಕೆಂಪು ಇಳಿಯಿತು. ಈಗ ನೀರು ಸುರಿಯುತ್ತದೆ, ಕರಿಗುಡ್ಡೆಯ ಮೇಲೆ ನುಚ್ಚಕ್ಕಿಯಷ್ಟು ಬಿಳಿ ಚುಕ್ಕೆ ಉಂಟು. ಆಪರೇಷನ್ ಬೇಕಾದೀತಾ?

ಡಾಕ್ಟರ್: ಬಾಟ್ಲಿಯ ಮೇಲೆ ಏನು ಬರೆದಿದೆ? ಈಗಲೇ ಓದಿ ಹೇಳಿ.

ಪೆರ್ಲ: ಮಾಕ್ಸಿಫ್ಲೋಕ್ಸಾಸಿನ್, ಡೆಕ್ಸಾಮೆಥಾಸೋನ್.

ಬದಿಯಡ್ಕ: ನಂದಬಟ್ಟಲು ಹೂವಿನ ರಸಕ್ಕೆ ಎರಡು ತೊಟ್ಟು ಜೇನು ಸೇರಿಸಿ ಬಿಡಿ. ಚುಕ್ಕೆ ಮೂರು ದಿನದಲ್ಲಿ ಮಾಯ. ನನಗೆ ಬಂದ ಮೆಸೇಜ್ ಕೆಳಗೆ ಹಾಕಿದ್ದೇನೆ.

ಡಾಕ್ಟರ್: ಪೆರ್ಲದವರೇ, ಆ ಡ್ರಾಪ್ಸ್ ನಿಲ್ಲಿಸಿ. ಎರಡನೆಯ ಹೆಸರು ಸ್ಟೀರಾಯ್ಡ್. ಅದು ಕೆಂಪನ್ನು ಇಳಿಸುತ್ತದೆ, ನೋವನ್ನೂ ಕಡಿಮೆ ಮಾಡುತ್ತದೆ, ಆದರೆ ಒಳಗಿನ ಫಂಗಸ್‌ಗೆ ದಾರಿ ಬಿಟ್ಟುಕೊಡುತ್ತದೆ. ಸೋಗೆ, ಹುಲ್ಲು, ಕಡ್ಡಿ ತಾಗಿದ ಗಾಯದಲ್ಲಿ ನನಗೆ ಮೊದಲ ಅನುಮಾನ ಫಂಗಸ್ಸಿನ ಮೇಲೆಯೇ. ಫ್ಯುಸೇರಿಯಂ, ಆಸ್ಪರ್ಜಿಲಸ್ ಅನ್ನುವವು ಗಿಡದ ಚೂರಿನ ಜೊತೆಗೇ ಒಳಗೆ ಹೋಗುತ್ತವೆ. ಕಾರ್ನಿಯಾದ ದಪ್ಪವೇ ಸುಮಾರು ಅರ್ಧ ಮಿಲಿಮೀಟರ್. ಕೊರೆಯಲು ಎಷ್ಟು ದಿನ ಬೇಕು ಹೇಳಿ. ಫೋಟೋ ನೋಡಿ ಮದ್ದು ಹೇಳಲು ಆಗುವುದಿಲ್ಲ. ಆ ಬಿಳಿ ಹುಣ್ಣಿನಿಂದ ಸ್ವಲ್ಪ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಫಂಗಸ್ ಆದರೆ ನಾಟಮೈಸಿನ್ ಡ್ರಾಪ್ಸ್, ಮೊದಮೊದಲು ಗಂಟೆಗೊಮ್ಮೆ, ವಾರಗಟ್ಟಲೆ. ಅದಕ್ಕೂ ಬಗ್ಗದೆ ತೂತಾದರೆ ದಾನಿಯ ಕಾರ್ನಿಯಾ ಹೊಲಿಯಬೇಕಾಗುತ್ತದೆ. ಆ ಆಪರೇಷನ್ ಮೊದಲು ಕಣ್ಣುಗುಡ್ಡೆಯನ್ನು ಉಳಿಸಲು. ದೃಷ್ಟಿಯ ಮಾತು ಆಮೇಲೆ. ನಾಳೆ ಅನ್ನಬೇಡಿ. ರಾತ್ರಿ ಕಣ್ಣಿನ ಡಾಕ್ಟ್ರು ಸಿಗುವ ದೊಡ್ಡ ಆಸ್ಪತ್ರೆಗೆ ಈಗಲೇ ಹೊರಡಿ. ಬಾಟ್ಲಿ ಜೊತೆಯಲ್ಲಿರಲಿ.

ಬದಿಯಡ್ಕದವರೇ, ಆ ಮೆಸೇಜ್ ಅಳಿಸಿ. ತೆರೆದ ಹುಣ್ಣಿಗೆ ತೋಟದ ರಸ ಬಿಡುವುದೆಂದರೆ ಇನ್ನಷ್ಟು ಫಂಗಸ್ ಬಿಟ್ಟಂತೆ.

ಬದಿಯಡ್ಕ: ನಮ್ಮಜ್ಜಿ ಇದರಲ್ಲೇ ಎಷ್ಟೋ ಜನರ ಕಣ್ಣು ಗುಣ ಮಾಡಿದ್ದಾರೆ.

ಮಂಜೇಶ್ವರ: ಗುಣವಾದವರು ಹೇಳಿಕೊಂಡರು ಅಣ್ಣ. ಕಣ್ಣು ಹೋದವರ ಲೆಕ್ಕ ಇಟ್ಟವರು ಯಾರು? ನಮ್ಮ ದೊಡ್ಡಪ್ಪನ ಒಂದು ಕಣ್ಣು ಹೋದದ್ದು ಹೀಗೇ.

ಬದಿಯಡ್ಕ: ಇಂಗ್ಲಿಷ್ ಮದ್ದಿನಿಂದಲೇ ಅಲ್ವಾ ಪೆರ್ಲದವರ ಕಣ್ಣು ಕೆಟ್ಟದ್ದು?

ಡಾಕ್ಟರ್: ಡಾಕ್ಟ್ರಿಗೆ ತೋರಿಸದೆ ತಂದ ಮದ್ದಿನಿಂದ. ಎರಡೂ ತಪ್ಪೇ.

ಮುಳ್ಳೇರಿಯ: ಅಡಿಕೆಗೆ ಬಿಡುವ ಬೋರ್ಡೋ, ಅಂದರೆ ಮೈಲುತುತ್ತು ಸುಣ್ಣದ ಮದ್ದು, ಮಾಡುವಾಗ ಸುಣ್ಣ ಕಣ್ಣಿಗೆ ಹಾರಿದರೆ ಹಾಲು ಬಿಡಬೇಕಾ, ಎಣ್ಣೆಯಾ?

ಡಾಕ್ಟರ್: ನೀರು. ಅಲ್ಲೇ, ಆ ಕ್ಷಣವೇ, ರೆಪ್ಪೆ ಅಗಲಿಸಿ ಅರ್ಧ ಗಂಟೆ. ಸುಣ್ಣದ ಹರಳು ಉಳಿಯಬಾರದು. ಆಮೇಲೆ ಆಸ್ಪತ್ರೆ.

ಉಪ್ಪಳ: ಲೇಸಿಕ್‌ಗೆ ಎಷ್ಟು ವಯಸ್ಸಾಗಿರಬೇಕು?

ಡಾಕ್ಟರ್: ಮೇಲೆ ಓದಿ.

ಮುಳ್ಳೇರಿಯ: ಕಾರ್ನಿಯಾ ಆಪರೇಷನ್‌ಗೆ ಆರೋಗ್ಯ ಕಾರ್ಡ್ ನಡೆಯುತ್ತದಾ?

ನೀರ್ಚಾಲು: ಡಾಕ್ಟ್ರೇ, ಒಂದು ಹೇಳಲು ಮರೆತೆ. ಕಳೆದ ವರ್ಷ ಪವರ್ ಎರಡೂವರೆ ಇತ್ತು. ಈಗ ಸಿಲಿಂಡರ್, ಅಂದರೆ ಓರೆ ಪವರ್, 3 ಬಂದಿದೆ. ಅವಳು ಸದಾ ಕಣ್ಣು ಉಜ್ಜುತ್ತಾಳೆ.

ಡಾಕ್ಟರ್: ಇದನ್ನು ಮೊದಲೇ ಹೇಳಬೇಕಿತ್ತು ಅಮ್ಮ. ಕೆರಟೋಕೋನಸ್ ಇರಬಹುದು. ಕಾರ್ನಿಯಾ ತೆಳ್ಳಗಾಗಿ ಶಂಕುವಿನಂತೆ ಮುಂದಕ್ಕೆ ಚಾಚುವ ರೋಗ. ಕಾರ್ನಿಯಾದ ಆಕಾರ ಅಳೆಯುವ ಟೊಪೋಗ್ರಫಿ ಮಾಡಿಸಿ. ಹೌದಾದರೆ ಲೇಸಿಕ್ ಬೇಡವೇ ಬೇಡ, ಇರುವ ಬಲವೂ ಹೋಗುತ್ತದೆ. ಕಾರ್ನಿಯಾಕ್ಕೆ ರೈಬೋಫ್ಲೇವಿನ್ ಹೀರಿಸಿ ನೇರಳಾತೀತ ಬೆಳಕು ಹಾಯಿಸುವ ಸಿ3ಆರ್ ಚಿಕಿತ್ಸೆ ಇದೆ. ರೋಗ ಮುಂದುವರಿಯದಂತೆ ತಡೆಯಲು ಅದು. ಕನ್ನಡಕ ಬಿಡಿಸಲು ಅಲ್ಲ. ಉಜ್ಜುವುದನ್ನು ಇವತ್ತೇ ನಿಲ್ಲಿಸಲಿ. ಅಲರ್ಜಿ ಇದ್ದರೆ ಅದಕ್ಕೆ ಮದ್ದು ಉಂಟು.

ಕಾಸರಗೋಡು: ಕಣ್ಣಿನ ಬಣ್ಣ ಬದಲಿಸುವ ಆಪರೇಷನ್ ವಿಡಿಯೋ ನೋಡಿದೆ. ಇಲ್ಲಿ ಮಾಡುತ್ತಾರಾ?

ಡಾಕ್ಟರ್: ಅಂದಕ್ಕಾಗಿ ಐರಿಸ್, ಅಂದರೆ ಕಣ್ಣಿನ ಬಣ್ಣದ ಭಾಗದ ಮೇಲೆ ಬಣ್ಣದ ಬಿಲ್ಲೆ ಇಡಿಸಿಕೊಂಡು, ಕಣ್ಣಿನೊಳಗೆ ಒತ್ತಡ ಏರಿ ನರ ಕೆಡುವ ಗ್ಲಾಕೋಮಾದಿಂದ ದೃಷ್ಟಿ ಕಳೆದುಕೊಂಡವರಿದ್ದಾರೆ. ಆ ಆಸೆ ಬಿಡಿ.

ಮಂಜೇಶ್ವರ: ಆಸ್ಪತ್ರೆಯಲ್ಲಿ ಚೀಟಿ ಮಲಯಾಳದಲ್ಲಿ ಕೊಡುತ್ತಾರೆ. ಗಂಟೆಗೊಮ್ಮೆಯಾ ದಿನಕ್ಕೊಮ್ಮೆಯಾ ತಿಳಿಯದೆ ನಮ್ಮತ್ತೆ ಒಂದು ವಾರ ತಪ್ಪಾಗಿ ಬಿಟ್ಟರು.

ಕಾಸರಗೋಡು: ಇಲ್ಲಿಯೂ ಭಾಷೆಯ ಜಗಳವಾ?

ಮಂಜೇಶ್ವರ: ಜಗಳ ಅಲ್ಲ. ಕಣ್ಣಿನ ವಿಷಯ. ನಿಮಗೆ ಓದಲು ಬರುತ್ತದೆ, ಸುಮ್ನೆ ಹೇಳುತ್ತೀರಿ.

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಡಾಕ್ಟರ್: ಮಂಜೇಶ್ವರದವರು ಹೇಳುವುದು ಸರಿ. ಕೌಂಟರಿನಲ್ಲೇ ಬಾಯಿಬಿಟ್ಟು ಹೇಳಿಸಿ, ಬಾಟ್ಲಿಯ ಮೇಲೆ ಅಂಕೆಯಲ್ಲಿ ಬರೆಸಿ.

ಉಪ್ಪಳ: ಕನ್ನಡಕ ಹಾಕುವವರು ಕಣ್ಣು ದಾನ ಮಾಡಬಹುದಾ?

ಡಾಕ್ಟರ್: ಮಾಡಬಹುದು. ಪೊರೆಯ ಆಪರೇಷನ್ ಆದವರೂ ಮಾಡಬಹುದು. ಸಾವಿನ ನಂತರ ಸುಮಾರು 6 ಗಂಟೆಯೊಳಗೆ ತೆಗೆಯಬೇಕು. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಎರಡು ಕಾರ್ನಿಯಾಗಳನ್ನು ಪದರ ಬಿಡಿಸಿ ನಾಲ್ಕು ಜನರಿಗೆ ಹಾಕಿದರು.

ಉಪ್ಪಳ: ಲೇಸಿಕ್‌ಗೆ ಖರ್ಚು ಎಷ್ಟಾದೀತು?

ಬದಿಯಡ್ಕ: ಈರುಳ್ಳಿ ರಸದ ಬಗ್ಗೆ ಡಾಕ್ಟ್ರು ಏನು ಹೇಳುತ್ತಾರೆ?

ಡಾಕ್ಟರ್: ಸಾಂಬಾರಿಗೆ ಹಾಕಿ, ಕಣ್ಣಿಗೆ ಬೇಡ. ಇನ್ನೊಂದು ಮನೆಮದ್ದು ಬಂದರೆ ನಾನು ಉತ್ತರಿಸುವುದಿಲ್ಲ. ಪೆರ್ಲದವರು ಹೊರಟರಾ?

ಪೆರ್ಲ: ಜೀಪಿನಲ್ಲಿದ್ದೇವೆ ಡಾಕ್ಟ್ರೇ. ಅಪ್ಪ ಕಣ್ಣಿಗೆ ಟವೆಲ್ ಒತ್ತಿ ಹಿಡಿದಿದ್ದಾರೆ.

ಡಾಕ್ಟರ್: ಒತ್ತಬಾರದು. ಟವೆಲ್ ತೆಗೆಸಿ. ಬಾಟ್ಲಿ ಉಂಟಾ?

ಪೆರ್ಲ: ನನ್ನ ಕಿಸೆಯಲ್ಲಿ ಉಂಟು.