ಮಳೆಗಾಲದಲ್ಲಿ ಟಾಂಗಾ ಕುದುರೆಯ ಗೊರಸು: ಡಾಕ್ಟರಿಗೆ ಕೇಳಿ

ಪ್ರಶ್ನೆ: ನಮಸ್ಕಾರ ಡಾಕ್ಟರೇ. ಮೈಸೂರಲ್ಲಿ ನಮ್ಮ ಅಪ್ಪ ಟಾಂಗಾ ಓಡಿಸುತ್ತಾರೆ. ಮಳೆ ಶುರುವಾದ ಮೇಲೆ ಕುದುರೆಯ ಹಿಂಗಾಲಿನ ಗೊರಸು ಕೆಟ್ಟ ವಾಸನೆ ಬರುತ್ತಿದೆ. ಕುಂಟುತ್ತಿಲ್ಲ, ಮೇವೂ ತಿನ್ನುತ್ತಿದೆ. ಹಳೇ ಎಂಜಿನ್ ಆಯಿಲ್ ಹಚ್ಚಿ ಅಂತ ಒಬ್ಬರು, ಮೈಲುತುತ್ತದ ಪುಡಿ ತುಂಬಿ ಅಂತ ಇನ್ನೊಬ್ಬರು ಹೇಳುತ್ತಾರೆ. ಏನು ಮಾಡೋಣ?

ಉತ್ತರ: ಎರಡೂ ಬೇಡ. ಆಯಿಲ್ ಹಚ್ಚಿದರೆ ಕೊಳೆ ಒಳಗೇ ಉಳಿಯುತ್ತದೆ. ಮೈಲುತುತ್ತದ ಪುಡಿ ಹಾಗೇ ತುಂಬಿದರೆ ಚೆನ್ನಾಗಿರುವ ಜಾಗವೂ ಸುಡುತ್ತದೆ.

ಗೊರಸು ಎತ್ತಿ ಅಂಗಾಲು ನೋಡಿ. ನಡುವೆ ರಬ್ಬರಿನಂಥ ತ್ರಿಕೋನ ಭಾಗ ಇದೆಯಲ್ವಾ, ಅದರ ಅಕ್ಕಪಕ್ಕ ಎರಡು ಸಂದು. ಅಲ್ಲಿ ಕಪ್ಪಗೆ ಅಂಟಂಟಾಗಿ ನಾರುವ ರಸ ಇದ್ದರೆ ಅದು ಥ್ರಷ್, ಅಂದರೆ ಗೊರಸಿನ ಕೊಳೆತ. ಲದ್ದಿ, ಗಂಜಲದಲ್ಲಿ ನಿಂತೇ ನಿಂತ ಕುದುರೆಗೆ ಬರುವುದು ಜಾಸ್ತಿ. ಗಾಳಿಯಾಡದ ಕಡೆ ಬೆಳೆಯುವ ರೋಗಾಣು ಇದಕ್ಕೆ ಕಾರಣ. ಹಾಗಾಗಿ ಮೊದಲ ಮದ್ದು ಒಣ ನೆಲ.

ಬೆಳಿಗ್ಗೆ ಗಾಡಿ ಕಟ್ಟುವ ಮುಂಚೆ, ಸಂಜೆ ಬಿಚ್ಚಿದ ಮೇಲೆ, ನಾಲ್ಕೂ ಗೊರಸಿನ ಕೊಳೆ ಕೆರೆದು ತೆಗೆಯಿರಿ. ಪಕ್ಕದಲ್ಲಿ, ಬಾಲದ ಕಡೆ ಮುಖ ಮಾಡಿ ನಿಂತು, ಕೈಯನ್ನು ಮೇಲಿನಿಂದ ಸವರುತ್ತಾ ಕೆಳಗೆ ತಂದರೆ ಕುದುರೆ ತಾನೇ ಕಾಲು ಕೊಡುತ್ತದೆ. ಹಿಂಗಾಲಿನ ನೇರ ಹಿಂದೆ ಮಾತ್ರ ನಿಲ್ಲಬೇಡಿ. ಕೆರೆಯುವ ಕೊಕ್ಕೆ ಹಿಮ್ಮಡಿಯಿಂದ ಗೊರಸಿನ ತುದಿಯ ಕಡೆಗೆ ಸಾಗಲಿ. ಆ ಮೆತ್ತನೆ ಭಾಗಕ್ಕೆ ಚುಚ್ಚಬೇಡಿ. ಆಮೇಲೆ ಬ್ರಷ್ ಹಾಕಿ ತೊಳೆದು, ಒರೆಸಿ, ಸಂದಿಗೆ ನೀರು ಬೆರೆಸಿದ ಪೊವಿಡೋನ್ ಅಯೋಡಿನ್ ಹಚ್ಚಿ. ಸಂದು ಆಳವಾಗಿದ್ದರೆ, ಮುಟ್ಟಿದಾಗ ಕಾಲು ಎಳೆದುಕೊಂಡರೆ, ಪಶು ಆಸ್ಪತ್ರೆಗೆ ತೋರಿಸಿ.

ಗೊರಸು ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಲಾಳ ಸವೆಯದಿದ್ದರೂ 6–8 ವಾರಕ್ಕೊಮ್ಮೆ ಬಿಚ್ಚಿಸಿ, ಗೊರಸು ಕತ್ತರಿಸಿ, ಮತ್ತೆ ಕಟ್ಟಿಸಿ. ಟಾರು ರಸ್ತೆಯಲ್ಲಿ ಲಾಳ ಇನ್ನೂ ಬೇಗ ಸವೆಯಬಹುದು.

ಪ್ರಶ್ನೆ: ತುಂಬಾ ಉಪಕಾರವಾಯ್ತು ಡಾಕ್ಟರೇ. ಬೆಳಿಗ್ಗೆ ಎದ್ದಾಗ ಹಿಂಗಾಲು ಎರಡೂ ಸ್ವಲ್ಪ ಊದಿರುತ್ತವೆ. ಅದಕ್ಕೆ ಹೆದರಬೇಕಾ?

ಉತ್ತರ: ಎರಡೂ ಕಾಲು ಸಮವಾಗಿ ಊದಿ, ಬಿಸಿ ಇಲ್ಲದೆ, ಸ್ವಲ್ಪ ನಡೆಸಿದ ಮೇಲೆ ಇಳಿದರೆ ಹೆದರಬೇಡಿ. ರಾತ್ರಿಯೆಲ್ಲಾ ನಿಂತಲ್ಲೇ ನಿಂತಿದ್ದಕ್ಕೆ ಬರುವ ಊತ ಅದು. ಒಂದೇ ಕಾಲು ಊದಿ ಬಿಸಿಯಾಗಿದ್ದರೆ ಆ ದಿನ ಗಾಡಿ ಕಟ್ಟಲೇಬೇಡಿ.

ದಿನಾ ಅಂಗೈಯಿಂದ ಮೊಣಕಾಲಿನ ಕೆಳಗೆ ಸವರಿ, ಎಡಗಾಲು ಬಲಗಾಲು ಹೋಲಿಸಿ ನೋಡಿ. ಗೊರಸಿನ ಮೇಲಿನ ಗಿಣ್ಣಿನ ಹಿಂಬದಿ ಪಕ್ಕದಲ್ಲಿ ಬೆರಳಿಟ್ಟರೆ ನಾಡಿ ಸಿಗುತ್ತದೆ. ಆರೋಗ್ಯವಾಗಿರುವಾಗ ಅದು ಸಿಕ್ಕಿಯೂ ಸಿಗದ ಹಾಗಿರುತ್ತದೆ. ಬಡಬಡ ಹೊಡೆಯುತ್ತಿದ್ದು, ಗೊರಸು ಬಿಸಿಯಾಗಿ, ಕುದುರೆ ಮುಂಗಾಲು ಮುಂದಕ್ಕಿಟ್ಟು ಭಾರ ಹಿಂದಕ್ಕೆ ಹಾಕಿ ನಿಂತರೆ ತಕ್ಷಣ ಡಾಕ್ಟರನ್ನು ಕರೆಸಿ. ಧಾನ್ಯದ ಚೀಲಕ್ಕೆ ಬಾಯಿ ಹಾಕಿ ಸಿಕ್ಕಾಪಟ್ಟೆ ತಿಂದ ಕುದುರೆಗೆ ಹೀಗಾಗುವುದುಂಟು. ಗೊರಸಿನೊಳಗಿನ ಮೂಳೆಯನ್ನು ಹಿಡಿದಿಟ್ಟ ಪದರವೇ ಸಡಿಲವಾಗುತ್ತದೆ. ನಾಳೆ ನೋಡೋಣ ಅನ್ನುವಂಥದ್ದಲ್ಲ.

ಇನ್ನೊಬ್ಬ ಸದಸ್ಯರು: ಸರ್, ನಮ್ಮ ಕುದುರೆಗೆ ಗೊರಸಿನ ಮೇಲೆ, ಹಿಂಬದಿ ಮಡಿಕೆಯಲ್ಲಿ ಹಕ್ಕಳೆ ಕಟ್ಟಿದೆ. ಕಿತ್ತು ಮುಲಾಮು ಹಚ್ಚಲಾ?

ಉತ್ತರ: ಒಣಗಿದ್ದಾಗ ಕೀಳಬೇಡಿ, ತುಂಬಾ ನೋಯುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಸಡಿಲವಾಗಿ ಬಂದಷ್ಟನ್ನು ಮಾತ್ರ ತೆಗೆದು, ಚೆನ್ನಾಗಿ ಒಣಗಿಸಿ. ಕೆಸರಿನ ಒದ್ದೆ ಕಾಲಿಗೆ ಮೇಲಿಂದ ಮೇಲೆ ಮುಲಾಮು ಬಳಿದರೆ ಪ್ರಯೋಜನವಿಲ್ಲ. ಕಾಲು ಊದಿದರೆ, ಕೀವು ಬಂದರೆ ತೋರಿಸಿ.

ಅದೇ ಸದಸ್ಯರು: ಅಂಗಾಲಿಗೆ ಮೊಳೆ ಚುಚ್ಚಿಕೊಂಡರೆ?

ಉತ್ತರ: ಆದಷ್ಟು ಕೀಳದೆ ಡಾಕ್ಟರನ್ನು ಕರೆಸಿ. ಎಷ್ಟು ಆಳ, ಯಾವ ಕಡೆ ಅಂತ ಮೊಳೆ ಇದ್ದರೇ ಗೊತ್ತಾಗುವುದು. ಕಾಲೂರಿದಾಗ ಇನ್ನೂ ಒಳಗೆ ಹೋಗುವ ಹಾಗಿದ್ದರೆ ಫೋಟೋ ತೆಗೆದುಕೊಂಡು ಕಿತ್ತು, ತೂತಿನ ಜಾಗ ಗುರುತು ಮಾಡಿ, ಮೊಳೆಯನ್ನು ಎತ್ತಿಡಿ. ಕುದುರೆಗೆ ಧನುರ್ವಾಯು ಬಹಳ ಬೇಗ ತಗಲುತ್ತದೆ. ಟಿಟಿ ಲಸಿಕೆ ಯಾವಾಗ ಹಾಕಿಸಿದ್ದು ಅಂತ ಬರೆದಿಟ್ಟುಕೊಂಡಿದ್ದರೆ ಆ ಚೀಟಿಯನ್ನೂ ಡಾಕ್ಟರಿಗೆ ತೋರಿಸಿ.