ಸಹಾಯ ಬೇಕು: ಫುಲ್‌ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾಕ್ಕೆ ಯಾವ ವೈಡ್ ಆ್ಯಂಗಲ್ ಲೆನ್ಸ್ ಸೂಕ್ತ?

ಎಲ್ಲರಿಗೂ ನಮಸ್ಕಾರ. ನನ್ನ ಸೋನಿ ಫುಲ್‌ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾಕ್ಕೆ ಒಂದು ವೈಡ್ ಆ್ಯಂಗಲ್ ಲೆನ್ಸ್ ಕೊಳ್ಳಬೇಕೆಂದಿದ್ದು, ಅನುಭವಿಗಳ ಸಲಹೆಯನ್ನು ಕೋರುತ್ತಿದ್ದೇನೆ. ಹಗಲಿನಲ್ಲಿ ಭೂದೃಶ್ಯ ಮತ್ತು ಹಳೆಯ ಕಟ್ಟಡಗಳ ಒಳಾಂಗಣ, ರಾತ್ರಿಯಲ್ಲಿ ನಕ್ಷತ್ರ ತುಂಬಿದ ಆಕಾಶ ನನಗೆ ಬಹಳ ಇಷ್ಟವಾದ ವಿಷಯಗಳು.

ಸದ್ಯ ಎರಡು ಲೆನ್ಸ್‌ಗಳ ನಡುವೆ ತೀರ್ಮಾನಿಸಲಾಗುತ್ತಿಲ್ಲ. ಸೋನಿಯ 16-35 ಮಿ.ಮೀ. ಎಫ್/4 (ಎಫ್ ಸಂಖ್ಯೆ ಕಡಿಮೆಯಾದಷ್ಟೂ ಹೆಚ್ಚು ಬೆಳಕು ಒಳಬರುತ್ತದೆ) ಪವರ್ ಝೂಮ್, ಅಂದರೆ ಮೋಟಾರ್‌ನಿಂದ ಝೂಮ್ ಆಗುವ ಲೆನ್ಸ್, ಹಗುರವಾಗಿದ್ದು, ಹಿಂದೆ ಸರಿಯಲು ಜಾಗವಿಲ್ಲದ ಕೋಣೆಗಳಲ್ಲಿ 107 ಡಿಗ್ರಿಯಷ್ಟು ವಿಶಾಲ ನೋಟವನ್ನು ಕೊಡುತ್ತದೆ. 20 ಮಿ.ಮೀ. ಎಫ್/1.8 ಪ್ರೈಮ್‌ನಲ್ಲಿ (ಝೂಮ್ ಇಲ್ಲದ ಲೆನ್ಸ್) ಆ ನೋಟ 94 ಡಿಗ್ರಿಗೆ ಇಳಿಯುತ್ತದೆಯಾದರೂ, ಎಫ್/4ಕ್ಕಿಂತ ಸುಮಾರು ಐದು ಪಟ್ಟು ಬೆಳಕು ಸೆನ್ಸರ್‌ಗೆ ತಲುಪುವುದರಿಂದ, ಝೂಮ್‌ನಲ್ಲಿ ಐಎಸ್‌ಒ (ಬೆಳಕಿಗೆ ಸಂವೇದನೆಯ ಮಟ್ಟ; ಹೆಚ್ಚಿದಷ್ಟೂ ಚಿತ್ರ ಒರಟಾಗುತ್ತದೆ) 6400 ಬೇಕಾಗುವ ಕಡೆ ಅದೇ ಶಟರ್ ವೇಗದಲ್ಲಿ 1250 ಸಾಕಾಗುತ್ತದೆ. ನಕ್ಷತ್ರಗಳ ಚಿತ್ರಕ್ಕೆ ಇದು ಸಣ್ಣ ವ್ಯತ್ಯಾಸವಲ್ಲ. 14 ಮಿ.ಮೀ. ಎಫ್/1.8 ಲೆನ್ಸನ್ನೂ ಪರಿಶೀಲಿಸಿದೆ, ಆದರೆ ಅದರ ಮುಂಭಾಗಕ್ಕೆ ಸಾಮಾನ್ಯ ಫಿಲ್ಟರ್ ತಿರುಗಿಸಿ ಕೂರಿಸಲಾಗದು. ಹರಿಯುವ ನೀರನ್ನು ಬೆಳಕನ್ನು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ ತೆಗೆಯುವುದು ನನಗೆ ಮುಖ್ಯವಾದ್ದರಿಂದ ಅದನ್ನು ಕೈಬಿಟ್ಟಿದ್ದೇನೆ.

ಎಫ್/1.8ರಲ್ಲೇ ತೆಗೆದಾಗ 20 ಮಿ.ಮೀ. ಲೆನ್ಸ್‌ನ ಮೂಲೆಗಳಲ್ಲಿ ನಕ್ಷತ್ರಗಳು ರೆಕ್ಕೆ ಬಿಚ್ಚಿದಂತೆ ಹಿಗ್ಗುವ ಕೋಮಾ ದೋಷ ಎಷ್ಟರಮಟ್ಟಿಗೆ ಕಾಣುತ್ತದೆ? ಝೂಮ್‌ನ 16 ಮಿ.ಮೀ. ತುದಿಯಲ್ಲಿ ಅಂಚುಗಳ ವಕ್ರತೆಯನ್ನು ಸಾಫ್ಟ್‌ವೇರ್ ಸರಿಪಡಿಸಿದ ಮೇಲೆ, ದೊಡ್ಡ ಮುದ್ರಣದಲ್ಲಿ ಮೂಲೆಗಳ ವಿವರ ಉಳಿಯುತ್ತದೆಯೇ? ಎರಡನ್ನೂ ಬಳಸಿದವರು ತಿದ್ದದ ಒಂದೆರಡು ರಾ (ಕ್ಯಾಮೆರಾದ ಮೂಲ ಕಡತ) ಚಿತ್ರಗಳನ್ನು ಹಂಚಿಕೊಂಡರೆ ಬಹಳ ಉಪಕಾರವಾಗುತ್ತದೆ.